ಹಳೆಯ ಕಾರಿನ ಲಾಭ: ಟಿ.ವಿ.ಯ ಲೆಕ್ಕ ಎಷ್ಟು ನಿಜ?

ಪ್ರಶ್ನೆ: ‘ವ್ಹೀಲರ್ ಡೀಲರ್ಸ್’ ಕಾರ್ಯಕ್ರಮದಲ್ಲಿ ಹಳೆಯ ಕಾರು ಕೊಂಡು, ರಿಪೇರಿ ಮಾಡಿ ಲಾಭಕ್ಕೆ ಮಾರುವುದನ್ನು ತೋರಿಸುತ್ತಾರೆ. ಇದು ನಿಜಕ್ಕೂ ಸಾಧ್ಯವೇ?
– ಓದುಗರೊಬ್ಬರು, ಮೈಸೂರು

ಉತ್ತರ: ಅಲ್ಲಿ ತೋರಿಸುವ ಕೆಲಸ ನಿಜ, ಲೆಕ್ಕ ಮಾತ್ರ ಅಪೂರ್ಣ. 2003ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಈ ಕಾರ್ಯಕ್ರಮದಲ್ಲಿ ನಿರೂಪಕ ಮೈಕ್ ಬ್ರೂವರ್ ಅವರು ಕಾರಿನ ಬೆಲೆಯನ್ನೂ ಬಿಡಿಭಾಗಗಳ ಖರ್ಚನ್ನೂ ಕೂಡಿಸಿ, ಮಾರಿದ ಬೆಲೆಯಿಂದ ಕಳೆದು ಲಾಭವನ್ನು ಹೇಳುತ್ತಾರೆ. ಮೆಕ್ಯಾನಿಕ್ ಗ್ಯಾರೇಜಿನಲ್ಲಿ ದುಡಿದ ಗಂಟೆಗಳ ಕೂಲಿ ಆ ಮೊತ್ತದಲ್ಲಿ ಸೇರಿರುವುದಿಲ್ಲ. ಬಾಗಿಲಿನ ಕೆಳಗಿನ ತಗಡು ತುಕ್ಕು ಹಿಡಿದಿದ್ದರೆ ಅದನ್ನು ಕತ್ತರಿಸಿ ತೆಗೆದು, ಹೊಸ ತಗಡನ್ನು ಅಳತೆಗೆ ಬಗ್ಗಿಸಿ, ವೆಲ್ಡಿಂಗ್ ಮಾಡಿ, ಉಜ್ಜಿ, ಬಣ್ಣ ಹಚ್ಚುವುದಕ್ಕೆ ದಿನಗಳೇ ಹಿಡಿಯುತ್ತವೆ. ಪರದೆಯ ಮೇಲೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆ ಕೂಲಿಯನ್ನೂ ಹಿಡಿದರೆ ಹಲವು ಕಂತುಗಳ ಲಾಭ ನಷ್ಟವಾಗಿಯೇ ತೀರುತ್ತದೆ ಎಂಬುದು ನನ್ನ ಅಭಿಪ್ರಾಯ.

ಹಾಗೆಂದು ಕಾರ್ಯಕ್ರಮವನ್ನು ನಾನು ತಳ್ಳಿಹಾಕಲಾರೆ. ಅದರಲ್ಲಿ ಮೆಕ್ಯಾನಿಕ್ ಆಗಿದ್ದ ಎಡ್ ಚೈನಾ ಅವರು ಬಿಚ್ಚಿ ಜೋಡಿಸುವ ಕ್ರಮವನ್ನು ತಾಳ್ಮೆಯಿಂದ ವಿವರಿಸುತ್ತಿದ್ದರು. ಗ್ಯಾರೇಜಿನ ಭಾಗವನ್ನು ಮೊಟಕುಗೊಳಿಸುವ ಯೋಚನೆಯನ್ನು ಒಪ್ಪದೆ 2017ರಲ್ಲಿ ಹೊರಬಂದರು. ತಾವು ಹಳೆಯ ಕಾರು ಕೊಳ್ಳುವುದಾದರೆ, ಹೊರಗಿನ ಹೊಳಪನ್ನು ನೋಡುವ ಮೊದಲು ಒಳಗಿನ ನೆಲಹಾಸನ್ನು ಎತ್ತಿ ಅಡಿಯ ತಗಡನ್ನು ಬೆರಳಿನಿಂದ ಒತ್ತಿ ನೋಡಿ.