ಹಿರಿಯರ ಕಟ್ಟೆ: ಅನುದಾನ ಬರುವವರೆಗೆ ಮಧ್ಯಾಹ್ನದ ಊಟ ಯಾರು ಹಾಕುತ್ತಾರೆ?

ಪ್ರಶ್ನೆ: ನಾವು ಬೆಂಗಳೂರಿನ ಶ್ರೀನಗರದ ಎಂಟು ಜನ ಹೆಂಗಸರು. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಒಬ್ಬರೇ ಉಳಿಯುವ ಹಿರಿಯರಿಗೆ ಒಂದು ಕೇಂದ್ರ ತೆರೆಯಬೇಕು ಅಂತಿದ್ದೇವೆ. ಒಬ್ಬರ ಮನೆಯ ಕೆಳಮಹಡಿ ಖಾಲಿ ಇದೆ. ಸರ್ಕಾರದ ಅನುದಾನ ಬಂದ ಮೇಲೆ ಶುರು ಮಾಡೋಣ ಅಂತ ಕೆಲವರು, ಈಗಲೇ ಮಾಡೋಣ ಅಂತ ಕೆಲವರು. ನೀವೇನು ಹೇಳುತ್ತೀರಿ?

ಉತ್ತರ: ಈಗಲೇ ಶುರು ಮಾಡಿ. ಆದರೆ ಅನುದಾನ ಬಾರದೇ ಹೋದರೂ ನಡೆಯುವಷ್ಟು ಚಿಕ್ಕದಾಗಿ ಮಾಡಿ. ಹತ್ತು ಜನ, ವಾರಕ್ಕೆ ಮೂರು ದಿನ, ಒಂದು ಹೊತ್ತಿನ ಊಟ. ಅಷ್ಟು ಸಾಕು.

ಹನುಮಂತನಗರದ ಕಡೆ ಇಂಥದ್ದೇ ಒಂದು ಕೇಂದ್ರದಲ್ಲಿ ನಾನು ಹನ್ನೊಂದು ವರ್ಷ ಲೆಕ್ಕ ಬರೆದಿದ್ದೇನೆ. ಅನುದಾನ ತಿಂಗಳ ಸಂಬಳದ ಹಾಗೆ ಬರುವುದಿಲ್ಲ. ಅರ್ಜಿ, ತಪಾಸಣೆ, ಶಿಫಾರಸು, ಮಂಜೂರಾತಿ, ಆಮೇಲೆ ಕಂತು. ಕೊಟ್ಟ ದುಡ್ಡನ್ನು ಹೇಗೆ ಖರ್ಚು ಮಾಡಿದಿರಿ ಅನ್ನುವ ಬಳಕೆ ಪ್ರಮಾಣಪತ್ರ ಹೋಗದೆ ಮುಂದಿನದು ಕದಲುವುದಿಲ್ಲ. ಮಾರ್ಚ್ ಕೊನೆಗೆ ಬಂದ ದುಡ್ಡಿನಿಂದ ಹಿಂದಿನ ದೀಪಾವಳಿಯ ರೇಷನ್ ಸಾಲ ತೀರಿಸಿದ್ದೂ ಇದೆ. ಮಧ್ಯಾಹ್ನ ಹನ್ನೆರಡೂವರೆಗೆ ತಟ್ಟೆ ಮುಂದೆ ಕೂತವರಿಗೆ ಮಂಜೂರಾತಿಯ ಕಥೆ ಹೇಳಲು ಆಗುತ್ತದಾ?

ಇನ್ನೊಂದು ಮಾತು. ಅರ್ಜಿಯ ಜೊತೆ ಹಿಂದಿನ ವರ್ಷಗಳ ಆಡಿಟ್ ಆದ ಲೆಕ್ಕ ಕೇಳುತ್ತಾರೆ. ಕೆಲಸವನ್ನೇ ಶುರು ಮಾಡದವರ ಹತ್ತಿರ ಅದು ಎಲ್ಲಿಂದ ಬರಬೇಕು? ಹಾಗಾಗಿ ಅನುದಾನಕ್ಕೆ ಕಾಯುತ್ತಾ ಕೂತವರಿಗೆ ಅನುದಾನ ಸಿಗುವುದೇ ಇಲ್ಲ.

ಮೊದಲು ಸಂಘ ನೋಂದಾಯಿಸಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಜನ ಇದ್ದರೆ ಸಾಕು, ನೀವು ಎಂಟು ಜನ ಇದ್ದೀರಿ. ಸಂಘದ ಹೆಸರಲ್ಲೇ ಪ್ಯಾನ್, ಬ್ಯಾಂಕ್ ಖಾತೆ ಮಾಡಿಸಿ. ಸ್ವಯಂಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ಕೇಂದ್ರ ಸರ್ಕಾರದ ಜಾಲತಾಣ ಎನ್‌ಜಿಒ ದರ್ಪಣ್‌ನಲ್ಲಿ ನಂಬರ್ ತೆಗೆದುಕೊಳ್ಳಿ. ವರ್ಷವರ್ಷ ಸಭೆ ಮಾಡಿ ಪದಾಧಿಕಾರಿಗಳ ಪಟ್ಟಿಯನ್ನು ನೋಂದಣಾಧಿಕಾರಿಗೆ ಕೊಡುವುದನ್ನು ಮಾತ್ರ ಮರೆಯಬೇಡಿ. ಒಳ್ಳೆಯ ಕೆಲಸ ಮಾಡುವ ಎಷ್ಟೋ ಸಂಘಗಳು ಎಡವುವುದೇ ಇಲ್ಲಿ.

ಎಲ್ಲಕ್ಕಿಂತ ಜಾಸ್ತಿ ಹೇಳಬೇಕಾದ್ದು ಹಾಜರಿ ಪುಸ್ತಕದ ಬಗ್ಗೆ. ನಮ್ಮಲ್ಲಿ ಶುರುವಿನಲ್ಲಿ ಹಿರಿಯರಿಗೆ ಸುಮ್ನೆ ಯಾಕೆ ತೊಂದರೆ ಅಂತ ನಾನೇ ಸಂಜೆ ಕೂತು ಎಲ್ಲರ ಹೆಸರಿನ ಮುಂದೆ ಟಿಕ್ ಹಾಕುತ್ತಿದ್ದೆ. ತಪಾಸಣೆಗೆ ಬಂದ ಅಧಿಕಾರಿ ಪುಟ ತಿರುವಿದರು. ಮೂರು ತಿಂಗಳೂ ಒಂದೇ ಶಾಯಿ, ಒಂದೇ ಕೈ. ಅವರು ಏನೂ ಬೈಯಲಿಲ್ಲ. ಪುಟದ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು, ಅಷ್ಟೇ. ಆ ಸಲದ ಎರಡನೇ ಕಂತು ಬರಲಿಲ್ಲ. ಬಂದವರು ನಿಜವಾಗಿ ಬಂದಿದ್ದರು, ಉಂಡಿದ್ದರು. ಪುಸ್ತಕ ಮಾತ್ರ ಅದನ್ನು ಹೇಳಲಿಲ್ಲ. ತಪ್ಪು ನನ್ನದೇ.

ಮಾರನೇ ದಿನ ಹೊಸ ಪುಸ್ತಕ ತಂದೆವು. ದಾರದಲ್ಲಿ ಪೆನ್ನು ಕಟ್ಟಿ ಬಾಗಿಲ ಪಕ್ಕದ ಸ್ಟೂಲ್ ಮೇಲಿಟ್ಟೆವು. ಹೂ ಕಟ್ಟುತ್ತಿದ್ದ ಅಜ್ಜಿಯೊಬ್ಬರು ಬರುತ್ತಿದ್ದರು, ಎಪ್ಪತ್ತು ದಾಟಿತ್ತು. ಹೆಬ್ಬೆಟ್ಟು ಒತ್ತುತ್ತಿದ್ದವರು. ಪಕ್ಕದಲ್ಲಿದ್ದ ನಿವೃತ್ತ ಮೇಷ್ಟ್ರು ಒಂದೊಂದೇ ಅಕ್ಷರ ತಿದ್ದಿಸಿದರು. ಐದನೇ ವಾರಕ್ಕೆ ಅಜ್ಜಿ ತಮ್ಮ ಹೆಸರು ತಾವೇ ಬರೆದರು. ಒತ್ತಕ್ಷರ ಕೆಳಗಿನ ಸಾಲಿಗೆ ಇಳಿದಿತ್ತು. ಬರೆದು ಮುಗಿಸುವಷ್ಟರಲ್ಲಿ ಹಿಂದೆ ನಾಲ್ಕು ಜನರ ಸಾಲು ನಿಂತಿತ್ತು, ಒಬ್ಬರೂ ಅವಸರ ಮಾಡಲಿಲ್ಲ. ಆ ಪುಟ ಇವತ್ತಿಗೂ ನನ್ನ ಹತ್ತಿರ ಇದೆ.

ಎಲ್ಲಿ ಕೇಳಬೇಕು ಅಂದರೆ, ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಜಿಲ್ಲಾ ಕಚೇರಿಗೆ ಹೋಗಿ ಹಗಲು ಯೋಗಕ್ಷೇಮ ಕೇಂದ್ರದ ಬಗ್ಗೆ ಅಂತಲೇ ಕೇಳಿ. ಕೇಂದ್ರ ಸರ್ಕಾರದ ಅಟಲ್ ವಯೋ ಅಭ್ಯುದಯ ಯೋಜನೆಯ ದುಡ್ಡು ಮುಖ್ಯವಾಗಿ ಹೋಗುವುದು ದಿಕ್ಕಿಲ್ಲದ ಹಿರಿಯರ ವಸತಿ ಆಶ್ರಮಗಳಿಗೆ, ಸಂಚಾರಿ ಚಿಕಿತ್ಸಾ ಘಟಕಗಳಿಗೆ. ನಿಮ್ಮ ಕೆಳಮಹಡಿಗೆ ಅದು ಹೊಂದುವುದಿಲ್ಲ.

ಬೆಂಗಳೂರಿನಲ್ಲಿ ಕಂಪನಿಗಳ ಸಿಎಸ್‌ಆರ್ (ಸಾಮಾಜಿಕ ಹೊಣೆಗಾರಿಕೆ) ದುಡ್ಡನ್ನೂ ಕೇಳಿ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ನೂರಕ್ಕೆ 2 ರೂಪಾಯಿ ಸಮಾಜದ ಕೆಲಸಕ್ಕೆ ಕೊಡಬೇಕು. ಆ ಕೆಲಸಗಳ ಪಟ್ಟಿಯಲ್ಲಿ ಹಿರಿಯರ ಹಗಲು ಕೇಂದ್ರಗಳ ಹೆಸರೇ ಇದೆ. ಅದಕ್ಕೆ ಸಂಘಕ್ಕೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಬೇಕು, ಸಿಎಸ್‌ಆರ್-1 ಫಾರಂ ಅನ್ನು ಕಂಪನಿ ವ್ಯವಹಾರಗಳ ಸಚಿವಾಲಯಕ್ಕೆ ಸಲ್ಲಿಸಿರಬೇಕು. ಒಳ್ಳೆಯ ಆಡಿಟರ್ ಒಬ್ಬರನ್ನು ಈಗಲೇ ಪರಿಚಯ ಮಾಡಿಕೊಳ್ಳಿ.

ಪ್ರಶ್ನೆ: ನಮ್ಮ ದೊಡ್ಡಮ್ಮನಿಗೆ ಯಾರೂ ಇಲ್ಲ. ಅವರಿರುವ ಆಶ್ರಮಕ್ಕೆ ಸರ್ಕಾರದ ಅನುದಾನ ಇದೆಯಂತೆ. ಆದರೂ ತಿಂಗಳು ತಿಂಗಳು ದುಡ್ಡು ಕೇಳುತ್ತಾರೆ. ಜಗಳ ಆಡೋಣ ಅಂದರೆ ಅವರನ್ನು ಆಚೆ ಕಳಿಸಿಬಿಟ್ಟರೆ ಅಂತ ಭಯ. (ಯಲಹಂಕದಿಂದ)

ಉತ್ತರ: ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಜಗಳ ಬೇಡ, ಮೊದಲು ಕಾಗದ ನೋಡೋಣ. ಕೆಲವು ಆಶ್ರಮಗಳಲ್ಲಿ ಅನುದಾನ ಇಷ್ಟೇ ಜನಕ್ಕೆ ಅಂತ ಇರುತ್ತದೆ, ಉಳಿದವರು ದುಡ್ಡು ಕೊಟ್ಟು ಇರುವವರು. ನಿಮ್ಮ ದೊಡ್ಡಮ್ಮ ಯಾವ ಪಟ್ಟಿಯಲ್ಲಿದ್ದಾರೆ? ಅದು ಗೊತ್ತಾಗಬೇಕು.

2005ರ ಮಾಹಿತಿ ಹಕ್ಕು ಕಾಯ್ದೆಯಡಿ ಇಲಾಖೆಗೇ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ಮಂಜೂರಾತಿ ಆದೇಶ, ಫಲಾನುಭವಿಗಳ ಸಂಖ್ಯೆ, ಬಳಕೆ ಪ್ರಮಾಣಪತ್ರ ಈ ಮೂರರ ನಕಲು ಕೇಳಿ. ಅರ್ಜಿಯಲ್ಲಿ ದೊಡ್ಡಮ್ಮನ ಹೆಸರು ಬರೆಯಬೇಡಿ, ಆಶ್ರಮದ ಹೆಸರು ಸಾಕು. ದುಡ್ಡು ಕೊಟ್ಟಾಗಲೆಲ್ಲ ರಸೀದಿ ಇಸ್ಕೊಳ್ಳಿ. ಅದು ನಿಮ್ಮ ಹಕ್ಕು.

ಪ್ರಶ್ನೆ: ಅಪ್ಪನಿಗೆ 67. ಗಾರೆ ಕೆಲಸ ಮಾಡಿದವರು, ಪಿಂಚಣಿ ಇಲ್ಲ. ನಾನು ರಾತ್ರಿ ಪಾಳಿ, ಅವರೊಬ್ಬರೇ ಇರುತ್ತಾರೆ. ಅವರಿಗೆ ನೇರವಾಗಿ ಏನಾದರೂ ಸಿಗುತ್ತದೆಯೇ? (ಲಗ್ಗೆರೆಯಿಂದ)

ಉತ್ತರ: ಹಿರಿಯರಿಗೆ ರಾಜ್ಯ ಕೊಡುವ ಮಾಸಿಕ ಪಿಂಚಣಿ ಸಂಧ್ಯಾ ಸುರಕ್ಷಾ ಯೋಜನೆ; ಆದಾಯ ಮಿತಿಯೊಳಗೆ ಬಂದರೆ, ಗಾರೆ ಕೆಲಸ ಮಾಡಿದವರಿಗೂ ಅದು ಅನ್ವಯಿಸುತ್ತದೆಯೇ ಅಂತ ನಾಡಕಚೇರಿಯಲ್ಲಿ ಕೇಳಿಕೊಂಡು ಅರ್ಜಿ ಹಾಕಿ. 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ. ಬಿಪಿ ಮಾತ್ರೆಗೆ, ಹಾಲಿಗೆ ಆಗುತ್ತದೆ. ಆಧಾರ್‌ನಲ್ಲಿ ಅಪ್ಪನ ವಯಸ್ಸು ಸರಿ ಇದೆಯಾ ಅಂತ ಮೊದಲು ನೋಡಿ, ಗಾರೆ ಕೆಲಸದವರದ್ದು ಎಷ್ಟೋ ಸಲ ತಪ್ಪಾಗಿರುತ್ತದೆ.

ಹಿರಿಯರಿಗೆ ಎರಡು ಸಹಾಯವಾಣಿ ಇವೆ: ದೇಶಕ್ಕೆಲ್ಲ 14567, ಬೆಂಗಳೂರಿನಲ್ಲಿ 1090. ಇವೆರಡನ್ನೂ ಕ್ಯಾಲೆಂಡರಿನ ಹಿಂಬದಿಯಲ್ಲಿ ದಪ್ಪ ಸ್ಕೆಚ್ ಪೆನ್ನಿನಲ್ಲಿ ಬರೆದು, ಅವರು ಮಲಗುವ ಕಡೆ ಗೋಡೆಗೆ ಅಂಟಿಸಿ. ಒಂದು ಸಲ ನೀವು ಎದುರಿಗಿದ್ದಾಗಲೇ ಅವರ ಕೈಯಿಂದ ಫೋನ್ ಮಾಡಿಸಿ.