ನೋಡೋಕೆ ಚೆನ್ನಾಗಿದ್ದರೆ ತೊಂದರೆಯೇ ಇಲ್ಲವಾ?

ಪ್ರಶ್ನೆ: ಮಗ ಹಾಸನದಲ್ಲಿ ಬಿಕಾಂ ಎರಡನೇ ವರ್ಷ. ಬಾಯಲ್ಲಿ ಕೇಳಿದರೆ ಎಲ್ಲ ಹೇಳುತ್ತಾನೆ, ಬರೆಯಲು ಕೂತರೆ ಅಕ್ಷರಗಳು ಹಿಂದುಮುಂದಾಗುತ್ತವೆ, ಟೈಮೂ ಸಾಲುವುದಿಲ್ಲ. ಡಾಕ್ಟರು ಡಿಸ್ಲೆಕ್ಸಿಯಾ, ಅಂದರೆ ಓದು-ಬರಹದ ಕಲಿಕೆಯ ತೊಂದರೆ ಎಂದರು. ಕಾಲೇಜಿನಲ್ಲಿ ಹೇಳಿದರೆ, "ನೋಡೋಕೆ ಚೆನ್ನಾಗೇ ಇದ್ದಾನಲ್ಲ, ಸೋಮಾರಿತನ ಅಷ್ಟೇ" ಎನ್ನುತ್ತಾರೆ. ಏನು ಮಾಡಲಿ?
– ಒಬ್ಬ ತಾಯಿ, ಹಾಸನ

ಉತ್ತರ: ಸೋಮಾರಿತನವಂತೆ! ಸುಮ್ನೆ ಹೇಳಿಬಿಡುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ತೊಂದರೆಗಳ ಪಟ್ಟಿ ಇದೆ, ಅದರಲ್ಲಿ ಕಲಿಕೆಯ ತೊಂದರೆ, ಮಾನಸಿಕ ಕಾಯಿಲೆ, ಆಟಿಸಂ ಎಲ್ಲವೂ ಸೇರಿವೆ. ಕಣ್ಣಿಗೆ ಕಾಣಲೇಬೇಕು ಅಂತ ಎಲ್ಲೂ ಬರೆದಿಲ್ಲ.

ಮೊದಲು ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಆನ್‌ಲೈನ್‌ನಲ್ಲಿ ಅರ್ಜಿ ಹಾಕಿ. ತಪಾಸಣೆ ಎಲ್ಲಿ, ಯಾವ ದಿನ ಎಂದು ನಿಮ್ಮೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್‌ನಲ್ಲಿ ವಿಚಾರಿಸಿ. ತೊಂದರೆ ಶೇ. 40 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಹೆಚ್ಚುವರಿ ಸಮಯ ಸಿಗಬೇಕು, ಅಂದರೆ ಮೂರು ಗಂಟೆಯ ಪೇಪರಿಗೆ ನಾಲ್ಕು ಗಂಟೆ; ಅವನು ಹೇಳಿದ್ದನ್ನು ಬರೆಯಲು ಒಬ್ಬರನ್ನೂ ಕೇಳಬಹುದು. ಕಡಿಮೆ ಬಂತು ಅಂತ ಕೈಚೆಲ್ಲಬೇಡಿ. ಬರೆಯಲು ನಿಜವಾಗಿ ಕಷ್ಟವಿರುವವರಿಗೆ ಶೇ. 40 ಇಲ್ಲದಿದ್ದರೂ ಬರಹಗಾರರ ನೆರವು ಸಿಗಬೇಕೆಂದು ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ. ಆಮೇಲೆ 2022ರಲ್ಲಿ ಕೇಂದ್ರದ ಮಾರ್ಗಸೂಚಿಯೂ ಬಂತು.

ಸ್ಟಾಫ್ ರೂಮಿನಲ್ಲಿ ಬಾಯಿಮಾತಲ್ಲಿ ಬೇಡಿಕೊಳ್ಳುವುದನ್ನು ಬಿಡಿ. ಪ್ರಾಂಶುಪಾಲರಿಗೆ ಪತ್ರ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಕ್ಲಾಸಿನ ನೋಟ್ಸ್ ಮೊದಲೇ ಕೊಡಿ, ಪಾಠ ರೆಕಾರ್ಡ್ ಮಾಡಲು ಬಿಡಿ ಎಂದೂ ಅದರಲ್ಲೇ ಕೇಳಿ, ಇದಕ್ಕೆ ಕಾಲೇಜಿಗೆ ಖರ್ಚೇನೂ ಇಲ್ಲ ಅಲ್ವಾ? ಆದರೆ ಯಾರ್‍ಯಾರಿಗೆ ವಿಷಯ ಗೊತ್ತಾಗಬೇಕು ಅನ್ನುವುದನ್ನು ಮಗನೇ ಹೇಳಲಿ. ಪರೀಕ್ಷೆಯ ಅರ್ಜಿ ತುಂಬುವ ಮೊದಲೇ ಇದೆಲ್ಲ ಮುಗಿಸಿ, ಹಾಲ್ ಟಿಕೆಟ್ ಬಂದ ಮೇಲೆ ಓಡಾಡುವುದು ಕಷ್ಟ.