ಓದುಗರ ಪ್ರಶ್ನೆ: ತಾಂಡಾದ ಮಕ್ಕಳಿಗೆ ಹಿಂದಿನ ಸಾಲೇ ಏಕೆ?

ಪ್ರಶ್ನೆ: ನಮ್ಮದು ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾ. ಮಗಳು ಪಕ್ಕದ ಊರಿನ ಸರ್ಕಾರಿ ಶಾಲೆಯಲ್ಲಿ ಮೂರನೆಯ ತರಗತಿ ಓದುತ್ತಿದ್ದಾಳೆ. ಅಲ್ಲಿ ತಾಂಡಾದ ಮಕ್ಕಳನ್ನು ಕೊನೆಯ ಸಾಲಿನಲ್ಲಿ ಕೂರಿಸುತ್ತಾರೆ. ಅಂಗಳ ಗುಡಿಸುವ ಕೆಲಸವೂ ಹೆಚ್ಚಾಗಿ ಅವರ ಪಾಲಿಗೇ ಬರುತ್ತದೆ. ಕೇಳಿದರೆ, ‘ಎಲ್ಲರಿಗೂ ಒಂದೇ ಪಾಠ, ಒಂದೇ ಊಟ, ಭೇದವೆಲ್ಲಿದೆ? ನಿಮ್ಮ ಮಕ್ಕಳಿಗೆ ಕನ್ನಡ ಸರಿಯಾಗಿ ಬರುವುದಿಲ್ಲ’ ಎನ್ನುತ್ತಾರೆ. ಯಾರನ್ನು ಕೇಳಬೇಕು? ಕೇಳಿದರೆ ಮಗಳಿಗೆ ತೊಂದರೆಯಾದೀತೆಂಬ ಭಯವೂ ಇದೆ.
– ಹೆಸರು ಬೇಡವೆಂದ ಓದುಗರು, ಕಲಬುರಗಿ ಜಿಲ್ಲೆ

ಉತ್ತರ: ಎಲ್ಲರಿಗೂ ಒಂದೇ ಪಾಠ ಸಿಗುತ್ತಿರುವಾಗ ಬೇರೆ ಕೂರಿಸಿದರೇನು ಎಂಬ ವಾದ ಬಹಳ ಹಳೆಯದು. ಅಮೆರಿಕದಲ್ಲಿ ಕಪ್ಪು ಜನಾಂಗದ ಮಕ್ಕಳಿಗೆ ಪ್ರತ್ಯೇಕ ಶಾಲೆ ನಡೆಸುತ್ತಿದ್ದವರೂ ಸೌಲಭ್ಯ ಸಮನಾಗಿದ್ದರೆ ಸಾಕೆಂದೇ ಹೇಳುತ್ತಿದ್ದರು. ಟೊಪೀಕಾ ಪಟ್ಟಣದ ಪೋಷಕರೂ ಸೇರಿದಂತೆ ಹಲವರು ಹೂಡಿದ ಮೊಕದ್ದಮೆಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು 1954ರ ಮೇ 17ರಂದು ಆ ವಾದವನ್ನು ಒಮ್ಮತದಿಂದ ತಳ್ಳಿಹಾಕಿತು. ಕಟ್ಟಡ, ಪಠ್ಯಗಳೆಲ್ಲ ಸಮನಾಗಿದ್ದರೂ ಬೇರ್ಪಡಿಸುವುದೇ ಮಗುವಿನ ಮನಸ್ಸಿನಲ್ಲಿ ಕೀಳರಿಮೆಯನ್ನು ಬಿತ್ತುತ್ತದೆ ಎಂದಿತು. ಒಂದೇ ಕೋಣೆಯೊಳಗೆ ಸಾಲುಗಳ ಮೂಲಕ ಬೇರ್ಪಡಿಸಿದರೂ ಮಗುವಿಗೆ ಆಗುವ ಪೆಟ್ಟು ಅದೇ.

ಕನ್ನಡದ ನೆಪವಂತೂ ತಲೆಕೆಳಗಾದ ಮಾತು. ಮನೆಯಲ್ಲಿ ಲಂಬಾಣಿ ಆಡುವ ಮಗುವಿಗೆ ಶಿಕ್ಷಕರ ಉಚ್ಚಾರ ಸ್ಪಷ್ಟವಾಗಿ ಕೇಳಬೇಕು, ಹಲಗೆಯ ಮೇಲಿನ ಒತ್ತಕ್ಷರ ಸರಿಯಾಗಿ ಕಾಣಬೇಕು. ಮುಂದಿನ ಸಾಲು ಎಲ್ಲರಿಗಿಂತ ಹೆಚ್ಚಾಗಿ ಬೇಕಾದದ್ದು ಅದಕ್ಕೇ.

2009ರ ಶಿಕ್ಷಣ ಹಕ್ಕು ಕಾಯ್ದೆ ಅವಕಾಶವಂಚಿತ ಗುಂಪಿನ ಮಕ್ಕಳ ವಿರುದ್ಧ ತಾರತಮ್ಯ ನಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಸರ್ಕಾರಕ್ಕೂ ಪಂಚಾಯಿತಿಯಂಥ ಸ್ಥಳೀಯ ಪ್ರಾಧಿಕಾರಕ್ಕೂ ಹೊರಿಸಿದೆ. ಅದರ 17ನೆಯ ಕಲಂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ನೀವು ಮೊದಲು ಹೋಗಬೇಕಾದದ್ದು ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅವಕಾಶವಂಚಿತ ಮಕ್ಕಳ ತಂದೆತಾಯಿಯರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವೂ ಇರಬೇಕು. ನಿಮ್ಮ ತಾಂಡಾದ ತಾಯಂದಿರು ಅದರಲ್ಲಿದ್ದಾರೆಯೇ ಎಂದು ನೋಡಿ. ಇಲ್ಲದಿದ್ದರೆ ಅದನ್ನೇ ಮೊದಲ ಪ್ರಶ್ನೆಯಾಗಿ ಎತ್ತಿ.

ಒಬ್ಬರೇ ಹೋಗಬೇಡಿ. ಐದಾರು ಮನೆಯವರು ಸಹಿ ಅಥವಾ ಹೆಬ್ಬೆಟ್ಟು ಹಾಕಿದ ಅರ್ಜಿ ಕೊಟ್ಟರೆ ನಿಮ್ಮ ಮಗಳೊಬ್ಬಳ ಮೇಲೆಯೇ ಕಣ್ಣು ಬೀಳುವುದು ತಪ್ಪುತ್ತದೆ. ಬೇಡಿಕೆಗಳು ಸ್ಪಷ್ಟವಾಗಿರಲಿ: ವಾರಕ್ಕೊಮ್ಮೆ ಸಾಲು ಬದಲಾಗಬೇಕು, ಮಕ್ಕಳಿಂದ ಗುಡಿಸಿಯೇ ಗುಡಿಸುವುದಾದರೆ ತರಗತಿಯ ಪ್ರತಿ ಮಗುವಿನ ಹೆಸರೂ ಇರುವ ಸರದಿ ಪಟ್ಟಿ ಗೋಡೆಯ ಮೇಲಿರಬೇಕು. ಅರ್ಜಿಯ ಪ್ರತಿಯ ಮೇಲೆ ಮುಖ್ಯಶಿಕ್ಷಕರಿಂದ ದಿನಾಂಕಸಹಿತ ಸ್ವೀಕೃತಿ ಬರೆಸಿಕೊಳ್ಳಿ. ಅನೇಕ ಶಿಕ್ಷಕರು ಇದನ್ನು ರೂಢಿಯಿಂದ ಮಾಡುತ್ತಾರೆಯೇ ಹೊರತು ದ್ವೇಷದಿಂದಲ್ಲ, ಹೇಳಿದರೆ ತಿದ್ದಿಕೊಳ್ಳುತ್ತಾರೆ ಎಂದು ನಾನು ನಂಬುತ್ತೇನೆ. ಆದರೆ ರೂಢಿಯೆಂಬ ಕಾರಣಕ್ಕೆ ಮಕ್ಕಳು ಸಹಿಸಿಕೊಂಡಿರಬೇಕಾಗಿಲ್ಲ. ತಿದ್ದಿಕೊಳ್ಳದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತನ್ನಿ. 32ನೆಯ ಕಲಂ ಅಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಅದು ಮೂರು ತಿಂಗಳೊಳಗೆ ತೀರ್ಮಾನಿಸಬೇಕು, ಅಲ್ಲಿಯೂ ನ್ಯಾಯ ಸಿಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.

ಇನ್ನು ನಿಮ್ಮ ಭಯದ ಮಾತು. ‘ಹಾಗಿದ್ದರೆ ಟಿಸಿ ತೆಗೆದುಕೊಂಡು ಹೋಗಿ’ ಎಂದು ಯಾರಾದರೂ ಗದರಿಸಿದರೆ ಹೆದರಬೇಡಿ. ಎಂಟನೆಯ ತರಗತಿ ಮುಗಿಯುವವರೆಗೆ ಯಾವ ಮಗುವನ್ನೂ ಶಾಲೆಯಿಂದ ಹೊರಹಾಕುವಂತಿಲ್ಲ ಎಂದು ಅದೇ ಕಾಯ್ದೆಯ 16ನೆಯ ಕಲಂ ಹೇಳುತ್ತದೆ.